ಶಿರಸಿಯ ಮಣ್ಣಿ ಹಿಟ್ಟು: ಕಂದು ಪ್ಯಾಕೆಟ್ ತಗೊಳ್ಳಿ, ಬಿಳಿಯದ್ದು ಬಿಡಿ

ಶಿರಸಿಯಲ್ಲಿ ಮನೆಯಲ್ಲಿ ಮಾಡಿದ ತಿಂಡಿ ಮಾರುವ ಅಂಗಡಿಗಳಿಗೆ ಬರವಿಲ್ಲ. ನಾನು ಹೇಳುತ್ತಿರುವುದು ಮಾರಿಗುಡಿ ಹತ್ತಿರದ ಒಂದು ಪುಟ್ಟ ಅಂಗಡಿ. ಅಪ್ಪೆಮಿಡಿ, ಹಲಸಿನ ಹಪ್ಪಳ, ಜೋನಿಬೆಲ್ಲದ ಡಬ್ಬಗಳ ನಡುವೆ ಒಂದು ಕಪಾಟು ಪೂರ್ತಿ ಸಣ್ಣ ಮಕ್ಕಳಿಗೆ ಮಣ್ಣಿ, ಅಂದರೆ ಮೆತ್ತನೆಯ ಗಂಜಿ, ಮಾಡುವ ಹಿಟ್ಟುಗಳೇ ಇವೆ. ಸುತ್ತಲಿನ ಹಳ್ಳಿಯ ಹೆಂಗಸರು ಮಾಡಿ ತಂದಿಡುತ್ತಾರೆ. ದೊಡ್ಡ ಕಂಪನಿಯ ಹೆಸರಿಲ್ಲ, ಪ್ಲಾಸ್ಟಿಕ್ ಕವರು, ಒಳಗೆ ಒಂದು ಚೀಟಿ, ಅಷ್ಟೆ. ನಮ್ಮ ಕೂಸು ಊಟ ಶುರು ಮಾಡಿದಾಗಿನಿಂದ ಅಲ್ಲಿನ ನಾಲ್ಕೂ ಬಗೆಯ ಹಿಟ್ಟು ಕಾರವಾರಕ್ಕೆ ತಂದು ಬಳಸಿದ್ದೇನೆ. ನಾಲ್ಕರಲ್ಲಿ ಒಂದು ತುಂಬಾ ಒಳ್ಳೆಯದು, ಒಂದು ಪರವಾಗಿಲ್ಲ, ಎರಡು ಬೇಡ.

ಒಳ್ಳೆಯದು ಯಾವುದು ಅಂದರೆ ಮೊಳಕೆ ರಾಗಿ ಹಿಟ್ಟು. ಕಂದು ಬಣ್ಣದ್ದು, 250 ಗ್ರಾಂಗೆ 120 ರೂಪಾಯಿ. ಚೀಟಿಯಲ್ಲಿ ಬರೆದಿರುವುದು ಒಂದೇ ಪದಾರ್ಥ, ರಾಗಿ. ಏಲಕ್ಕಿ ಇಲ್ಲ, ಸಕ್ಕರೆ ಇಲ್ಲ, ಹಾಲಿನ ಪುಡಿ ಇಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸಿದ್ದು. ಹುರಿದಿದ್ದೀರಾ ಅಂತ ಕೇಳಿದೆ. "ಇಲ್ಲೆ ತಂಗಿ, ಬರೀ ಬೆಚ್ಚಗೆ ಮಾಡಿದ್ದು" ಅಂದರು ಅಂಗಡಿಯ ಅಕ್ಕ.

ಆ ಬೆಚ್ಚಗೆ ಮಾಡಿದ್ದರಲ್ಲೇ ವಿಷಯ ಇರುವುದು. ಕಾಳು ಮೊಳಕೆ ಬಂದಾಗ ಅದರಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟುತ್ತದೆ, ಅದು ಪಿಷ್ಟವನ್ನು ತುಂಡು ಮಾಡುತ್ತದೆ. ಹಾಗಾಗಿ ಮೊಳಕೆ ಹಿಟ್ಟಿನ ಮಣ್ಣಿ ಮಾಮೂಲಿ ಹಿಟ್ಟಿನಷ್ಟು ಗಟ್ಟಿಯಾಗುವುದಿಲ್ಲ, ಅದೇ ನೀರಿಗೆ ಜಾಸ್ತಿ ಹಿಟ್ಟು ಹಿಡಿಯುತ್ತದೆ. ಮಗುವಿನ ಹೊಟ್ಟೆ ಎಷ್ಟು ದೊಡ್ಡದಿರುತ್ತದೆ ಹೇಳಿ? ಅಷ್ಟರಲ್ಲೇ ಜಾಸ್ತಿ ಶಕ್ತಿ ಹೋಗಬೇಕು ಅಲ್ವಾ. ಚೆನ್ನಾಗಿ ಕೆಂಪಗೆ ಹುರಿದುಬಿಟ್ಟರೆ ಕಿಣ್ವ ಸತ್ತುಹೋಗುತ್ತದೆ, ಪರಿಮಳ ಮಾತ್ರ ಉಳಿಯುತ್ತದೆ. ಬಿಸಿ ನೀರಿಗೆ ಹಿಟ್ಟು ಸುರಿಯಬೇಡಿ. ತಣ್ಣೀರಲ್ಲಿ ಕಲಸಿ, ಸಣ್ಣ ಉರಿಯಲ್ಲಿ ನಿಧಾನಕ್ಕೆ ಕಾಯಿಸಿ, ಆಮೇಲೆ ಕುದಿಸಿ ಬೇಯಿಸಿ. ನಾನು ಮಾಡುವುದು ಹೀಗೇ. ಒಂದು ಗಂಟೂ ಬರುವುದಿಲ್ಲ.

ಇನ್ನು ಬಿಳಿ ಪ್ಯಾಕೆಟ್. ಚೀಟಿಯಲ್ಲಿ "ರಾಗಿ ಹಾಲಿನ ಮಣ್ಣಿ ಪುಡಿ". ಬೆಲೆ ಕಂದಿನದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು. ರಾಗಿ ನೆನೆಸಿ ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತ ಹಾಲನ್ನು ಒಣಗಿಸಿದ್ದು. ನಮ್ಮ ಅಜ್ಜಿಯರೆಲ್ಲ ಮಾಡುತ್ತಿದ್ದ ವಿಧಾನವೇ, ಶ್ರಮ ತುಂಬಾ ಇದೆ, ನುಣುಪು ಬೆಣ್ಣೆಯಂತೆ, ಅದನ್ನೆಲ್ಲ ಒಪ್ಪುತ್ತೇನೆ. ಆದರೆ ರಾಗಿಯ ಸುಣ್ಣದ ಅಂಶ, ಕಬ್ಬಿಣದ ಅಂಶ ಜಾಸ್ತಿ ಇರುವುದೇ ಸಿಪ್ಪೆಯಲ್ಲಿ. ಸೋಸಿ ಎಸೆದ ಚರಟದ ಜೊತೆ ಅದರಲ್ಲಿ ಒಂದಿಷ್ಟು ಹೋಯಿತು. ಉಳಿಯುವುದು ಹೆಚ್ಚಾಗಿ ಪಿಷ್ಟ. ಎರಡು ಪಟ್ಟು ದುಡ್ಡು ಕೊಟ್ಟು ರಾಗಿಯ ಒಳ್ಳೆಯ ಭಾಗವನ್ನು ತೆಗೆಸಿಕೊಂಡು ಬರುವುದು ಯಾಕೆ? ಮೊದಲ ಒಂದೆರಡು ವಾರ ಜೀರ್ಣ ಆಗುತ್ತೋ ಇಲ್ಲವೋ ಅನ್ನುವ ಹೆದರಿಕೆ ಇದ್ದರೆ ಕಂದು ಹಿಟ್ಟನ್ನೇ ಸಣ್ಣ ಜರಡಿಯಲ್ಲಿ ಜರಡಿ ಹಿಡಿಯಿರಿ, ಸಾಕು.

ಕಂದು ಹಿಟ್ಟಿನಲ್ಲಿ ಎಲ್ಲ ಇದೆ ಅಂತಲೂ ಅಂದುಕೊಳ್ಳಬೇಡಿ. ಅಂಗಡಿಯಲ್ಲಿ "ರಾಗಿ ಕೊಟ್ಟರೆ ರಕ್ತ ಆಗ್ತು" ಅನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ಸುಮಾರು 364 ಮಿಲಿಗ್ರಾಂ, ಅದು ನಿಜಕ್ಕೂ ಭಾರೀ. ಕಬ್ಬಿಣ ಮಾತ್ರ ಸುಮಾರು 4.6 ಮಿಲಿಗ್ರಾಂ. ಮಗು ಒಂದು ಹೊತ್ತಿಗೆ 10 ಗ್ರಾಂ ಹಿಟ್ಟು ತಿಂದರೆ ಅರ್ಧ ಮಿಲಿಗ್ರಾಂ ಕೂಡ ಆಗಲಿಲ್ಲ, ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ. ಆರು ತಿಂಗಳಿಗೆ ಊಟ ಶುರು ಮಾಡಲು ದೊಡ್ಡ ಕಾರಣವೇ ಕಬ್ಬಿಣ. ಎದೆಹಾಲಿನಲ್ಲಿ ಅದು ಕಡಿಮೆ, ಹುಟ್ಟುವಾಗ ಮಗು ತಂದುಕೊಂಡ ದಾಸ್ತಾನು ಅಷ್ಟೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಮಣ್ಣಿ ರುಚಿಯಾಯಿತು ಅಂತ ಮೂರು ಹೊತ್ತೂ ಅದನ್ನೇ ಕೊಡುತ್ತಾ ಕೂರುವ ಹಾಗಿಲ್ಲ. ಬೇಳೆ, ಹೆಸರುಕಾಳು, ಸೊಪ್ಪು, ಪೂರ್ತಿ ಬೆಂದ ಮೊಟ್ಟೆ, ಜೊತೆಗೆ ಪಪ್ಪಾಯಿ ಅಥವಾ ಪೇರಲೆಯ ತಿರುಳು. ಸಿ ಜೀವಸತ್ವ ಇದ್ದರೆ ಕಾಳಿನ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ನಮ್ಮನೆಯಲ್ಲಿ ಮೊಟ್ಟೆ ನಡೆಯುತ್ತದೆ, ಮೀನು ಇಲ್ಲ. ಪಕ್ಕದ ಮನೆಯ ಅಜ್ಜಿ ತಮ್ಮ ಮೊಮ್ಮಗನಿಗೆ ಗಂಜಿಯಲ್ಲಿ ನೊಗಲಿ ಮೀನು ಮುಳ್ಳು ಬಿಡಿಸಿ ಕಿವುಚಿ ಕೊಡುತ್ತಾರೆ, ಕಾರವಾರದಲ್ಲಿ ಇದ್ದುಕೊಂಡು ಅದು ಮಾಡದವರೇ ಕಮ್ಮಿ. ಮುಳ್ಳು ಒಂದೂ ಉಳಿಯದಂತೆ ನೋಡಿದರೆ ಅದು ಯಾವ ಹಿಟ್ಟಿಗಿಂತಲೂ ಒಳ್ಳೆಯದು.

ಮೂರನೆಯದು ಬಾಳೆಕಾಯಿ ಹಿಟ್ಟು. ಈಗ ನಮ್ಮ ಕಡೆ ಇದರ ಹವಾ ಜೋರು. ತೋಟದಲ್ಲಿ ಬೆಲೆ ಸಿಗದ ಗೊನೆಗೆ ಒಂದು ದಾರಿಯಾಯಿತು, ಅದರ ಬಗ್ಗೆ ಖುಷಿಯೇ. ಮಣ್ಣಿ ಮಾಡಿದರೆ ಹದವಾಗಿ ಬರುತ್ತದೆ, ಕೂಸು ಬಾಯಿ ಚಪ್ಪರಿಸಿ ತಿಂದಿತು. ಬೇದಿಯಾದ ಮಕ್ಕಳಿಗೆ ಬೇಯಿಸಿದ ಬಾಳೆಕಾಯಿಯಿಂದ ಅನುಕೂಲ ಆಗಿದ್ದನ್ನು ಬಾಂಗ್ಲಾದೇಶದ ವೈದ್ಯರು ತೋರಿಸಿದ್ದಾರೆ. ಆದರೆ ಮಲ ಗಟ್ಟಿಯಾಗುವ ಮಕ್ಕಳಿಗೆ ಇದೇ ತೊಂದರೆ ಕೊಡಬಹುದು. ಪ್ರೋಟೀನ್, ಕಬ್ಬಿಣ ಎರಡೂ ಕಡಿಮೆ. ವಾರಕ್ಕೆ ಒಂದೆರಡು ಸಲ ರುಚಿ ಬದಲಾಯಿಸಲು ಸರಿ. ಪರವಾಗಿಲ್ಲ ಅಂದಿದ್ದು ಇದಕ್ಕೇ.

ನನಗೆ ಸಿಟ್ಟು ಬಂದಿದ್ದು ನಾಲ್ಕನೆಯದರ ಮೇಲೆ. "ಬೇಬಿ ಮಿಕ್ಸ್" ಅಂತ ಹೆಸರು. ಗೋಧಿ, ಅಕ್ಕಿ, ನಾಲ್ಕೈದು ಬೇಳೆ, ಶೇಂಗಾ, ಗೋಡಂಬಿ, ಬಾದಾಮಿ, ಏಲಕ್ಕಿ, ಕಲ್ಲುಸಕ್ಕರೆ. ಮೇಲೆ ಗುಂಡುಗುಂಡಗಿನ ಮಗುವಿನ ಫೋಟೋ, ಕೆಳಗೆ "4ನೇ ತಿಂಗಳಿಂದ ಕೊಡಬಹುದು". ನೋಡಿ, ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಹೇಳುವುದೂ ಅದನ್ನೇ. ಮಕ್ಕಳ ಆಹಾರದ ಪ್ಯಾಕೆಟ್ ಮೇಲೆ ಮಗುವಿನ ಚಿತ್ರ ಹಾಕಬಾರದು ಅಂತ ಕಾನೂನೇ ಇದೆ, 1992ರದ್ದು, 2003ರಲ್ಲಿ ತಿದ್ದುಪಡಿಯಾಗಿ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತಿಗೂ ತಡೆ ಬಿತ್ತು. ಮಾಡುವ ಹೆಂಗಸರಿಗೆ ಇದು ಗೊತ್ತಿರಲಿಕ್ಕಿಲ್ಲ, ಚೀಟಿ ಪ್ರಿಂಟ್ ಮಾಡಿಕೊಡುವವರು ಯಾರೋ ಚಂದ ಕಾಣಲಿ ಅಂತ ಹಾಕಿರಬೇಕು. ಆದರೂ ತಪ್ಪು ತಪ್ಪೇ.

ಇನ್ನೊಂದು, ಎಂಟು ಹತ್ತು ಪದಾರ್ಥ ಒಟ್ಟಿಗೆ ಹೋದರೆ ಮೈಮೇಲೆ ದದ್ದು ಎದ್ದಾಗ ಯಾವುದರಿಂದ ಅಂತ ಹೇಗೆ ಗೊತ್ತಾಗಬೇಕು? ಶೇಂಗಾ, ಮೊಟ್ಟೆ ಇವನ್ನೆಲ್ಲ ಆರು ತಿಂಗಳ ನಂತರ ಸುಮ್ನೆ ಮುಂದೂಡುತ್ತಾ ಹೋಗಬೇಕಿಲ್ಲ ಅನ್ನುತ್ತಾರೆ ಈಗಿನ ಡಾಕ್ಟರುಗಳು, ಆದರೆ ಒಂದೊಂದಾಗಿ, ಸ್ವಲ್ಪ ಸ್ವಲ್ಪ, ನುಣ್ಣಗೆ ಮಾಡಿ. ಕಲ್ಲುಸಕ್ಕರೆಯಂತೂ ಬೇಡವೇ ಬೇಡ. ಜೋನಿಬೆಲ್ಲವೂ ಸಕ್ಕರೆಯೇ, ನಮ್ಮೂರಿನದು ಅಂತ ವಿನಾಯಿತಿ ಇಲ್ಲ. ಅದೇ ಅಂಗಡಿಯಲ್ಲಿ ಮಿಸ್ರಿ ಅನ್ನುವ ಪುಟ್ಟ ನೊಣದ ಜೇನೂ ಇಟ್ಟಿದ್ದಾರೆ, ಶೀತಕ್ಕೆ ಒಳ್ಳೆಯದು ನೆಕ್ಕಿಸಿ ಅಂತಾರೆ. ಒಂದು ವರ್ಷದೊಳಗೆ ಜೇನುತುಪ್ಪ ಬೇಡ. ಅದರಲ್ಲಿ ಬಾಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಮನೆಯಲ್ಲಿ ಕುದಿಸಿದರೂ ಅವು ಸಾಯುವುದಿಲ್ಲ.

ಹದದ ಬಗ್ಗೆ ಒಂದು ಮಾತು. ಅಮ್ಮ "ತೆಳ್ಳಗೆ ಮಾಡೇ, ಗಂಟಲಿಗೆ ಸಿಕ್ಕೀತು" ಅನ್ನುತ್ತಲೇ ಇದ್ದರು. ಬಾಟಲಿಯಲ್ಲಿ ಹಾಕಿ ಕುಡಿಸುವಷ್ಟು ತೆಳ್ಳಗಿದ್ದರೆ ಅದು ಊಟವಲ್ಲ, ನೀರು. ಚಮಚ ಓರೆ ಮಾಡಿದರೆ ಸರ್ರನೆ ಇಳಿಯಬಾರದು, ಆ ಹದ. ಊಟ ಶುರು ಮಾಡುವ ಹೊತ್ತಿಗೆ ಮಗುವಿನ ಕುತ್ತಿಗೆ ನಿಂತಿರಬೇಕು, ಆನಿಸಿ ಕೂರಿಸಿದರೆ ಕೂರಬೇಕು, ನಾಲಿಗೆಯಿಂದ ಹೊರಗೆ ತಳ್ಳುವುದು ಕಡಿಮೆಯಾಗಿರಬೇಕು. ಮೊದಮೊದಲು ಮಕ್ಕಳು ಓಕರಿಕೆ ಬಂದ ಹಾಗೆ ಸದ್ದು ಮಾಡುತ್ತವೆ, ಅದು ಮಾಮೂಲಿ. ಸದ್ದೇ ಇಲ್ಲದೆ ಉಸಿರು ಕಟ್ಟಿದರೆ ಅದು ಅಪಾಯ. ಎರಡು ಮೂರು ಚಮಚದಿಂದ ಶುರು, ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳ ಹೊತ್ತಿಗೆ ಮೂರು ನಾಲ್ಕು ಸಲ. ಉಪ್ಪು ಬೇಡ. ತುಪ್ಪ ಒಂದು ಹನಿ ಜಾಸ್ತಿಯೇ ಬೀಳಲಿ. ಎದೆಹಾಲು ನಿಲ್ಲಿಸುವ ಮಾತೇ ಇಲ್ಲ, ಎರಡು ವರ್ಷ ದಾಟಿದರೂ ಕೊಡಬಹುದು.

ಅಂಗಡಿಗೆ ಇನ್ನೆರಡು ದೂರು. ಕೆಲವು ಪ್ಯಾಕೆಟ್ ಮೇಲೆ ಬೀಸಿದ ದಿನಾಂಕ ಇರುವುದಿಲ್ಲ, ಕೇಳಿದರೆ "ಮೊನ್ನೆ ಬಂದಿದ್ದು" ಅನ್ನುತ್ತಾರೆ, ಯಾವಾಗ ಕೇಳಿದರೂ ಮೊನ್ನೆಯೇ. ಆಹಾರ ಪರವಾನಗಿ ನಂಬರ್ ಇರುವುದನ್ನೇ ಆರಿಸಿ. ಕವರಿನ ಬಾಯಿ ಮೇಣದಬತ್ತಿಯಲ್ಲಿ ಅಂಟಿಸಿದ್ದು, ಘಟ್ಟ ಇಳಿಯುವಷ್ಟರಲ್ಲಿ ಬಿಟ್ಟುಕೊಳ್ಳುತ್ತದೆ. ಕಾರವಾರದ ಮಳೆಗಾಲದಲ್ಲಿ ಹಿಟ್ಟು ಎರಡೇ ವಾರಕ್ಕೆ ಮುಗ್ಗು ಹಿಡಿಯುತ್ತದೆ. ಬಂದ ಕೂಡಲೇ ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ, ಒಣ ಚಮಚ ಹಾಕಿ. ಮುಗ್ಗು ವಾಸನೆ ಬಂದರೆ ಬಿಸಿಲಿಗಿಟ್ಟು ಬಳಸಲು ಹೋಗಬೇಡಿ, ಎಸೆಯಿರಿ. ಮಳೆಗಾಲಕ್ಕೆ 250 ಗ್ರಾಂಗಿಂತ ದೊಡ್ಡ ಪ್ಯಾಕೆಟ್ ಬೇಡ.

ಮೊಳಕೆ ರಾಗಿಗೆ ಐದಕ್ಕೆ ನಾಲ್ಕೂವರೆ, ಬಾಳೆಕಾಯಿಗೆ ಮೂರು, ಬಿಳಿ ಪುಡಿಗೆ ಎರಡು, ಮಿಕ್ಸ್‌ಗೆ ಸೊನ್ನೆ. ಅಂಗಡಿ ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚಿದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ, ಘಟ್ಟದ ಕೆಳಗಿನಿಂದ ಹೋಗುವವರು ಬೆಳಗಿನ ಬಸ್ಸು ಹಿಡಿಯಿರಿ.