ಐಎನ್‌ಆರ್‌ಗೆ ರಕ್ತ ಕೊಡುವಾಗ ನೀಲಿ ಮುಚ್ಚಳದ ಟ್ಯೂಬ್ ತುಂಬಿದೆಯಾ ನೋಡಿಕೊಳ್ಳಿ

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಿನ್ನುವವರು ಮನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಆಯಿಗೆ ಹೃದಯದಲ್ಲಿ ಲೋಹದ ಕವಾಟ ಹಾಕಿದ್ದಾರೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಅಳತೆ; ಜಾಸ್ತಿಯಾದಷ್ಟೂ ರಕ್ತಸ್ರಾವದ ಭಯ) 2.5ರಿಂದ 3.5ರೊಳಗೆ ಇರಬೇಕು ಅಂತ ಡಾಕ್ಟರು ಹೇಳಿದ್ದು, ಇಷ್ಟು ಕಾಲ ಹಾಗೇ ಇತ್ತು. ಕಳೆದ ಮಳೆಗಾಲದಲ್ಲಿ ಶಿರಸಿಯ ಒಂದು ಲ್ಯಾಬಿನಿಂದ ಬಂದ ರಿಪೋರ್ಟ್‌ನಲ್ಲಿ ಮಾತ್ರ 6.4! ಮಾತ್ರೆ ನಿಲ್ಲಿಸಿಬಿಡಿ ಅಂತ ಅಲ್ಲಿನವರೇ ಹೇಳಿ ಕಳಿಸಿದರು. ಆಯಿ ನೋಡಿದರೆ, "ಎಂಗೆ ಎಂತೂ ಆಜಿಲ್ಲೆ ತಮಾ" ಅಂತ ಹೂ ಕಟ್ಟುತ್ತ ಕೂತಿದ್ದಳು.

ಹುಬ್ಬಳ್ಳಿಯ ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ. ವಸಡಲ್ಲಿ ರಕ್ತ ಬರುತ್ತಾ, ಹೊಸದಾಗಿ ಆಂಟಿಬಯೋಟಿಕ್ ಏನಾದರೂ ತಗೊಂಡರಾ ಅಂತ ಕೇಳಿದರು. ಯಾವುದೂ ಇಲ್ಲ. "ಹಾಗಾದರೆ ಈಗಲೇ ಬೇರೆ ಕಡೆ ಮತ್ತೆ ತೆಗೆಸಿ" ಅಂದರು. ಅಲ್ಲಿ ಬಂದದ್ದು 2.8. ಮಾತ್ರೆ ಸುಮ್ಮನೆ ಬಿಡಿಸಿದ್ದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯುವ ಅಪಾಯವಿತ್ತು. ನೆನೆದರೆ ಇವತ್ತಿಗೂ ಕೈ ನಡುಗುತ್ತದೆ.

ಎರಡನೇ ಲ್ಯಾಬಿನ ಹುಡುಗಿ ಟ್ಯೂಬಿನ ಮೇಲಿನ ಗೆರೆ ತೋರಿಸಿ, ರಕ್ತ ಅಲ್ಲಿವರೆಗೆ ಬರಲೇಬೇಕು ಅಂದಳು. ಮೊದಲ ಕಡೆ ಆಯಿಯ ನರ ಸಿಗದೆ, ಸಿರಿಂಜಿಗೆ ಬಂದಷ್ಟನ್ನೇ ಹಾಕಿ "ಸಾಕು" ಅಂದಿದ್ದರು. ಟ್ಯೂಬ್ ಅರ್ಧವೂ ತುಂಬಿರಲಿಲ್ಲ. ಆ ಟ್ಯೂಬಿನಲ್ಲಿ ಮೊದಲೇ ಸೋಡಿಯಂ ಸಿಟ್ರೇಟ್ ದ್ರವ ಇರುತ್ತದೆ. 9 ಪಾಲು ರಕ್ತಕ್ಕೆ 1 ಪಾಲು, ಅಂದರೆ 2.7 ಮಿಲಿ ರಕ್ತಕ್ಕೆ 0.3 ಮಿಲಿ. ಅದು ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಹೆಪ್ಪುಗಟ್ಟದಂತೆ ತಡೆಯುತ್ತದೆ. ಪರೀಕ್ಷೆ ಹೊತ್ತಿಗೆ ಮತ್ತೆ ಕ್ಯಾಲ್ಸಿಯಂ ಸೇರಿಸಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಅಂತ ಅಳೆಯುತ್ತಾರೆ. ರಕ್ತ ಕಡಿಮೆಯಾದರೆ ಮಿಕ್ಕ ಸಿಟ್ರೇಟ್ ಆ ಕ್ಯಾಲ್ಸಿಯಂನ್ನೂ ಹಿಡಿಯುತ್ತದೆ, ಐಎನ್‌ಆರ್ ಸುಳ್ಳೇ ಏರುತ್ತದೆ. ಇಂಥ ಸ್ಯಾಂಪಲ್ಲನ್ನು ಲ್ಯಾಬಿನವರೇ ತಿರಸ್ಕರಿಸಬೇಕು, ಮೆಷಿನ್ನಿಗೆ ಹಾಕಲೇಬಾರದು.

ಹಾಗಾಗಿ ಪಕ್ಕದಲ್ಲೇ ನಿಂತು ನೋಡಿ. ಗೆರೆ ಮುಟ್ಟದಿದ್ದರೆ ಹೊಸ ಟ್ಯೂಬಿನಲ್ಲಿ ಮತ್ತೆ ತೆಗೆಯಿರಿ ಅನ್ನಿ, ಸಂಕೋಚ ಬೇಡ. ರಕ್ತ ಹಾಕಿದ ಕೂಡಲೇ ಟ್ಯೂಬನ್ನು ಮೂರ್ನಾಲ್ಕು ಸಲ ನಿಧಾನಕ್ಕೆ ಮೇಲೆ ಕೆಳಗೆ ಮಾಡಬೇಕು, ಜೋರಾಗಿ ಕುಲುಕಬಾರದು. ಡ್ರಿಪ್ ಹಾಕಿದ ಕೈಯಿಂದ ತೆಗೆಯುವುದೂ ಬೇಡ. ಸ್ಯಾಂಪಲ್ ಹೊರಗಿನ ಊರಿಗೆ ಹೋಗುವುದಾದರೆ ಐಸಿನಲ್ಲಿ ಇಡುತ್ತಾರಾ ಕೇಳಿ, ಇಡುವುದಾದರೆ ಬೇಡ ಅನ್ನಿ. ಐಎನ್‌ಆರ್‌ನ ರಕ್ತ ಕೋಣೆಯ ತಾಪದಲ್ಲೇ ಇದ್ದು 24 ಗಂಟೆಯೊಳಗೆ ಪರೀಕ್ಷೆಯಾಗಬೇಕು.

ಒಂದು ಮಾತು: ಐಎನ್‌ಆರ್ ಜಾಸ್ತಿ ಬಂತೆಂದರೆ ಲ್ಯಾಬಿನದೇ ತಪ್ಪು ಅಂತ ಕೂರಬೇಡಿ. ಅದೇ ದಿನ ಡಾಕ್ಟರಿಗೆ ತಿಳಿಸಿ. ಕಪ್ಪು ಮಲ, ಮೂತ್ರದಲ್ಲಿ ರಕ್ತ, ವಿಪರೀತ ತಲೆನೋವು ಇದ್ದರೆ ಎರಡನೇ ರಿಪೋರ್ಟಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ.