ಕತ್ತರಿಸಿದ ಉಡಿದಾರ ಮತ್ತು ಟೆಂಪಲ್‌ನ ಬ್ಯಾರಿಸ್ಟರಮ್ಮ

ಪೊಲೀಸರ ಮೇಲಿನ ದೂರಿಗೆ ಲಂಡನ್ನಿನ ಒಬ್ಬ ಬ್ಯಾರಿಸ್ಟರಮ್ಮನ (ಕೋರ್ಟಿನಲ್ಲಿ ವಾದಿಸುವ ವಕೀಲೆ) ಸಲಹೆ ಪಡೆದೆ. ಐದಕ್ಕೆ ನಾಲ್ಕು ಸ್ಟಾರ್. ಒಂದನ್ನು ಯಾಕೆ ಕಳೆದೆ ಅಂತ ಮುಂದೆ ಹೇಳುತ್ತೇನೆ.

ಪಕ್ಕದ ಮನೆಯವನ ಜೊತೆ ಕಾರು ನಿಲ್ಲಿಸುವ ಜಗಳ. ನಾನು ಹೆದರಿಸಿದೆ ಅಂತ ಅವನು ದೂರು ಕೊಟ್ಟ. ಪೊಲೀಸರು ಫೋನ್ ಮಾಡಿದಾಗ ಶುಕ್ರವಾರ ನಾಲ್ಕು ಗಂಟೆಗೆ ನಾನೇ ಠಾಣೆಗೆ ಬರುತ್ತೇನೆ ಅಂದೆ, ಇಮೇಲಿನಲ್ಲೂ ಬರೆದು ಕಳಿಸಿದೆ. ಗುರುವಾರ ಬೆಳಿಗ್ಗೆ ಏಳಕ್ಕೆ, ಮಗಳಿಗೆ ದೋಸೆ ಹುಯ್ಯುತ್ತಿದ್ದಾಗ, ಇಬ್ಬರು ಬಂದು ಅರೆಸ್ಟ್ ಮಾಡಿದರು. ಒಂಬತ್ತು ಗಂಟೆ ಸೆಲ್ಲಿನಲ್ಲಿ ಕೂತೆ. ಐದು ವಾರದ ಮೇಲೆ ‘ಮುಂದಿನ ಕ್ರಮ ಇಲ್ಲ’ ಅಂತ ಎರಡು ಸಾಲಿನ ಪತ್ರ ಬಂತು.

ಮೂರು ಕಡೆ ಸಾಲಿಸಿಟರುಗಳನ್ನು (ಇಲ್ಲಿ ಜನ ಮೊದಲು ಹೋಗುವ, ಕೇಸಿನ ಕಾಗದಪತ್ರ ನೋಡಿಕೊಳ್ಳುವ ವಕೀಲರು) ಕೇಳಿದೆ. ಗೆದ್ದರೆ ಮಾತ್ರ ಫೀಸು ಅನ್ನುವ ಲೆಕ್ಕಕ್ಕೆ ನನ್ನ ಕೇಸು ತೀರಾ ಸಣ್ಣದಂತೆ. ಇಂಗ್ಲೆಂಡಿನಲ್ಲಿ 2004ರಿಂದ ಸಾಲಿಸಿಟರ್ ಇಲ್ಲದೆಯೂ ನೇರವಾಗಿ ಬ್ಯಾರಿಸ್ಟರ್ ಹತ್ತಿರ ಹೋಗಬಹುದು ಅನ್ನುವುದು ನನಗೆ ಆಮೇಲೆ ತಿಳಿಯಿತು. ಎಲ್ಲ ಬ್ಯಾರಿಸ್ಟರುಗಳೂ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಬೇರೆ ತರಬೇತಿ ಆಗಿರಬೇಕು. ಪೊಲೀಸ್ ಕೇಸುಗಳನ್ನೇ ಹೆಚ್ಚಾಗಿ ನಡೆಸುವ ಒಂದು ಚೇಂಬರ್ಸ್ (ಬ್ಯಾರಿಸ್ಟರುಗಳು ಕೂಡಿ ನಡೆಸುವ ಕಚೇರಿ) ಲಂಡನ್ನಿನ ವಕೀಲರ ಕೇರಿಯಾದ ಟೆಂಪಲ್‌ನಲ್ಲಿ ಸಿಕ್ಕಿತು. ಹೆಸರು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಕೇಳಿ, ಹೇಳುತ್ತೇನೆ.

ಊರಲ್ಲಿ ಗುಮಾಸ್ತ ಅಂದರೆ ವಕೀಲರ ಹಿಂದೆ ಫೈಲು ಹಿಡಿದು ಓಡುವವನು. ಇಲ್ಲಿಯ ಕ್ಲರ್ಕ್ ಹಾಗಲ್ಲ, ದರ ಕಟ್ಟುವವನೂ ದಿನಾಂಕ ಕೊಡುವವನೂ ಅವನೇ. ಕಾಗದ ಓದಿ ಲಿಖಿತ ಸಲಹೆ, ಮೇಲೆ ಒಂದೂವರೆ ಗಂಟೆ ಮಾತುಕತೆ: 1,200 ಪೌಂಡು ಅಂದ. ವ್ಯಾಟ್ 240 ಪೌಂಡು ಅಂತ ಗೊತ್ತಾಗಿದ್ದು ಬಿಲ್ಲು ಬಂದಾಗ.

ಬಾಗಿಲ ಪಕ್ಕ ಬ್ಯಾರಿಸ್ಟರುಗಳ ಹೆಸರನ್ನೆಲ್ಲ ಸಾಲಾಗಿ ಬಣ್ಣದಲ್ಲಿ ಬರೆದಿದ್ದಾರೆ. ಒಳಗೆ ಸವೆದ ಮೆಟ್ಟಿಲು. ವಿಗ್ಗು ಹಾಕಿಕೊಂಡು ಕೂತಿರುತ್ತಾರೆ ಅಂದುಕೊಂಡಿದ್ದೆ. ಸ್ವೆಟರ್ ತೊಟ್ಟ ಐವತ್ತರ ಹೆಂಗಸು, ಮುಂದೆ ಆರಿದ ಟೀ. ರಾತ್ರಿ ಕೂತು ಬರೆದಿದ್ದ ನನ್ನ ಹದಿನಾಲ್ಕು ಪುಟದ ದೂರನ್ನು ಪಕ್ಕಕ್ಕಿಟ್ಟು, ನನ್ನನ್ನು ಹಿಡಿದಿಟ್ಟ ಹೊತ್ತಿನ ಪೊಲೀಸ್ ದಾಖಲೆ, ಅಂದರೆ ಕಸ್ಟಡಿ ರೆಕಾರ್ಡ್, ಎತ್ತಿಕೊಂಡರು. (ಬಿಡುಗಡೆಯಾದ ಹನ್ನೆರಡು ತಿಂಗಳೊಳಗೆ ಕೇಳಿದರೆ ಇದರ ಪ್ರತಿ ಕೊಡಲೇಬೇಕು. ತಪ್ಪದೆ ಕೇಳಿ ತೆಗೆದುಕೊಳ್ಳಿ.) ವಸ್ತುಗಳ ಪಟ್ಟಿಯಲ್ಲಿ ಬೆಲ್ಟು, ಶೂ ಲೇಸು, ಫೋನು ದಾಟಿ ಒಂದು ಸಾಲಿನ ಮೇಲೆ ಅವರ ಪೆನ್ಸಿಲ್ ನಿಂತಿತು. ‘ಕಪ್ಪು ದಾರ, ಒಂದು, ಸೊಂಟದಿಂದ, ಕತ್ತರಿಸಲಾಗಿದೆ.’

ಇದೇನು ಅಂದರು. ಉಡಿದಾರ ಅಂದೆ. ಹುಟ್ಟಿದ ಮಗುವಿಗೆ ಕಟ್ಟುತ್ತಾರೆ, ಹಳತಾದರೆ ಹೊಸದನ್ನು ಕಟ್ಟಿಕೊಂಡ ಮೇಲೇ ಹಳೆಯದು ಬಿಚ್ಚುವುದು, ಬರಿ ಸೊಂಟದಲ್ಲಿ ಇರಬಾರದು. ಹೆಣದ ಉಡಿದಾರವನ್ನು ಮಾತ್ರ ಕಡಿಯುತ್ತಾರೆ ಅಂತ ಅಮ್ಮ ಹೇಳುತ್ತಿದ್ದಳು, ಅದನ್ನೂ ಹೇಳಿದೆ. ಅವರು ಎರಡು ನಿಮಿಷ ಸುಮ್ಮನೆ ಬರೆದುಕೊಂಡರು. ಆಮೇಲೆ ತಲೆ ಎತ್ತಿ, ಇದು ಕೇಸಲ್ಲ ಅಂದರು! ಕುತ್ತಿಗೆಗೆ ಬಿಗಿದುಕೊಂಡಾರು ಅಂತ ಸೆಲ್ಲಿಗೆ ಹಾಕುವ ಮುಂಚೆ ದಾರ ತೆಗೆಯುತ್ತಾರೆ, ಕೋರ್ಟು ಅದನ್ನು ಒಪ್ಪುತ್ತದೆ. ಆದರೆ ಆ ಒಂಬತ್ತು ಗಂಟೆ ನಿಮಗೆ ಏನಾಗಿತ್ತು ಅನ್ನುವುದಕ್ಕೆ ನಿಮ್ಮ ಹೇಳಿಕೆಯಲ್ಲಿ ಇದು ಇರಲಿ. ತಾರತಮ್ಯ, ಅವಮಾನ ಅಂತ ನಾನು ಬರೆದಿದ್ದ ಆರೇಳು ಪುಟ ಅಲ್ಲಿಗೆ ಹೋಯಿತು. ದುಡ್ಡು ಕೊಟ್ಟು ಬೈಸಿಕೊಂಡ ಹಾಗಾಯಿತು ನನಗೆ.

ಅವರು ಉಳಿಸಿಕೊಂಡಿದ್ದು ನಾನು ಕಳಿಸಿದ್ದ ಆ ಮೂರು ಸಾಲಿನ ಇಮೇಲ್. 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅನುಮಾನ ಇದ್ದರಷ್ಟೇ ಸಾಲದು, ಅರೆಸ್ಟ್ ಅಗತ್ಯ ಅಂತ ನಂಬುವುದಕ್ಕೂ ಸರಿಯಾದ ಕಾರಣ ಬೇಕು. ತಾನೇ ಬರುತ್ತೇನೆ ಅಂದವನನ್ನು ಹಿಂದಿನ ದಿನವೇ ಹಿಡಿಯುವ ಅಗತ್ಯ ಏನಿತ್ತು? ಅದನ್ನು ಸಾಬೀತು ಮಾಡುವ ಭಾರ ನನ್ನ ಮೇಲಲ್ಲ, ಪೊಲೀಸರ ಮೇಲೆ. ಎರಡು ತೀರ್ಪು ಎದುರಿಗಿಟ್ಟರು, ಎರಡೂ 2011ರವು. ಸ್ವಂತವಾಗಿ ಠಾಣೆಗೆ ಹೋದ ವೆಸ್ಟ್ ಮಿಡ್‌ಲ್ಯಾಂಡ್ಸಿನ ಶಿಕ್ಷಕನ ಅರೆಸ್ಟ್ ಅಕ್ರಮ ಅಂದಿದ್ದು ಒಂದು. ಮರ್ಸಿಸೈಡ್ ಪೊಲೀಸರ ಪರ ಬಂದಿದ್ದು ಇನ್ನೊಂದು. ಆ ಎರಡನೆಯದನ್ನೇ ಹೆಚ್ಚು ಹೊತ್ತು ವಿವರಿಸಿದರು. ಪೊಲೀಸ್ ಮುಖ್ಯಸ್ಥರ ಪರವಾಗಿಯೂ ವಾದ ಮಾಡಿದವರು ಇವರು. ಮೊದಲು ಕೇಳಿದಾಗ ಎದೆ ಧಸಕ್ಕೆಂದಿತ್ತು. ಎದುರಿನವರು ಏನು ಬರೆಯುತ್ತಾರೆ ಅಂತ ಅವತ್ತೇ ಹೇಳಿದ್ದರು, ಪರಿಹಾರ ಕೇಳಿ ನಾನು ಕಳಿಸಿದ ಪತ್ರಕ್ಕೆ ಮೂರು ತಿಂಗಳ ಮೇಲೆ ಬಂದ ಉತ್ತರದಲ್ಲಿ ಬಹುಪಾಲು ಅದೇ ಇತ್ತು.

ಪರಿಹಾರದ ಲೆಕ್ಕವೂ ಮುಚ್ಚುಮರೆ ಇಲ್ಲದೆ ಹೇಳಿದರು. 1997ರಲ್ಲಿ ಅಪೀಲು ಕೋರ್ಟು ಹಾಕಿಕೊಟ್ಟ ಅಳತೆಯಂತೆ ಮೊದಲ ಗಂಟೆಗೆ ಸುಮಾರು 500 ಪೌಂಡು, ಇಡೀ ದಿನಕ್ಕೆ 3,000. ಅದಕ್ಕೆ ಬೆಲೆಯೇರಿಕೆ ಸೇರಿಸಿಕೊಳ್ಳಬೇಕು.

ಕಳೆದ ಸ್ಟಾರ್ ಕ್ಲರ್ಕಿನದು. ನೇರವಾಗಿ ಹೋದರೆ ಬ್ಯಾರಿಸ್ಟರ್ ಪತ್ರ ಬರೆದುಕೊಡುತ್ತಾರೆ, ಕಳಿಸುವುದು, ಗಡುವು ನೋಡಿಕೊಳ್ಳುವುದು ಎಲ್ಲ ನಮ್ಮ ಪಾಡು. ಅದನ್ನು ಮೊದಲೇ ಹೇಳಿದ್ದರು, ತಕರಾರಿಲ್ಲ. ಆದರೆ ನಾನು ಹೋದಾಗ ಘಟನೆ ನಡೆದು ಹತ್ತು ತಿಂಗಳಾಗಿತ್ತು. ಅಕ್ರಮ ಬಂಧನದ ದಾವೆಗೆ ಆರು ವರ್ಷ ಇದೆ, ಮಾನವ ಹಕ್ಕು ಕಾಯ್ದೆಯಡಿ ಸಾಮಾನ್ಯವಾಗಿ ಒಂದೇ ವರ್ಷ. ಅಂಥ ಹೊತ್ತಲ್ಲಿ ನನ್ನ ಇಮೇಲಿಗೆ ಹನ್ನೊಂದು ದಿನ ಉತ್ತರವಿಲ್ಲ. ರಜೆಯಲ್ಲಿದ್ದನಂತೆ.

ಕೋರ್ಟಿಗೆ ಹೋಗದೆ ಮುಗಿಯಿತು. ಪೊಲೀಸರು ತಪ್ಪು ಒಪ್ಪಲಿಲ್ಲ, ಕ್ಷಮೆಯೂ ಇಲ್ಲ, 4,250 ಪೌಂಡು ಕೊಟ್ಟರು. ಪತ್ರ ಬರೆಸಿದ್ದೂ ಸೇರಿ ಅದರಲ್ಲಿ 2,700ರಷ್ಟು ಫೀಸಿಗೇ ಹೋಯಿತು. ಆದರೆ ಅವತ್ತು ಎದ್ದು ಹೊರಡುವಾಗ ಬ್ಯಾರಿಸ್ಟರು ಹೇಳಿದ ಒಂದು ಮಾತು ನನಗೆ ಅದಕ್ಕಿಂತ ದೊಡ್ಡದು: ಪೊಲೀಸರ ರಾಷ್ಟ್ರೀಯ ಕಂಪ್ಯೂಟರಿನಲ್ಲಿ ಅರೆಸ್ಟ್ ಆದ ದಾಖಲೆ ತಾನಾಗಿ ಅಳಿಯುವುದಿಲ್ಲ, ಅಳಿಸಿ ಅಂತ ಬೇರೆ ಅರ್ಜಿ ಹಾಕಿ. ಹಾಕಿದೆ, ಅಳಿಸಿದರು. ಪೌರತ್ವದ ಫಾರ್ಮು ತುಂಬುವ ಮುಂಚೆ ಅಷ್ಟಾದರೂ ಆಯಿತು.

ಕತ್ತರಿಸಿದ ದಾರ ಸೀಲು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ವಾಪಸು ಬಂದಿತ್ತು. ಸಾಕ್ಷಿ, ಒಡೆಯಬೇಡಿ ಅಂದಿದ್ದರು ಬ್ಯಾರಿಸ್ಟರು. ಈಗ ಏನು ಮಾಡಲಿ ಅಂತ ಅಮ್ಮನಿಗೆ ಫೋನ್ ಮಾಡಿದೆ. ಹರಿಯೋ ನೀರಿಗೆ ಬಿಡು ಅಂದಳು. ಥೇಮ್ಸ್ ಆದೀತಾ ಅಂದರೆ, ಅಲ್ಲಿ ಬೇರೆ ಯಾವುದಿದೆಯಪ್ಪಾ ಅಂದಳು.

ಹೋಗುವವರು ಕ್ಲರ್ಕಿಗೆ ಇಮೇಲ್ ಹಾಕಿ ಕಾಯಬೇಡಿ, ಫೋನ್ ಮಾಡಿ. ದರ ಹೇಳಿದ ಕೂಡಲೇ ವ್ಯಾಟ್ ಸೇರಿದೆಯಾ ಅಂತ ಕೇಳಿ.