ವಯಸ್ಸು ಕೇಳದ ಊರಲ್ಲಿ ಒಂದು ರಾತ್ರಿ: ಕೊರಿಯಾದ ಟೆಂಪಲ್‌ಸ್ಟೇ

ಸಿಯೋಲ್‌ನಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ. ಬೆಟ್ಟದ ಮೇಲಿನ ಬೌದ್ಧ ದೇವಾಲಯದಲ್ಲಿ ಒಂದು ರಾತ್ರಿ ಇದ್ದು ಬಂದೆ. ಇದಕ್ಕೆ ಟೆಂಪಲ್‌ಸ್ಟೇ ಅಂತಾರೆ. 2002ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಶುರುವಾದದ್ದು. ಊಟ, ಬಟ್ಟೆ ಎಲ್ಲ ಸೇರಿ 80,000 ವೋನ್ ಕೊಟ್ಟೆ. ಜಾಗದ ಹೆಸರು ಬೇಡ, ಒಂದೆರಡು ದೂರು ಇವೆ.

ಬಸ್ ಸ್ಟ್ಯಾಂಡಿನಲ್ಲಿ ಜೊತೆಯಾದ ಕೊರಿಯಾದವಳು ನನ್ನ ಹೆಸರಿಗಿಂತ ಮೊದಲು ಹುಟ್ಟಿದ ವರ್ಷ ಕೇಳಿದಳು. ಪಾಪ, ಅವಳಾದರೂ ಏನು ಮಾಡುತ್ತಾಳೆ? ಎದುರಿಗಿರುವವರು ದೊಡ್ಡವರೋ ಚಿಕ್ಕವರೋ ತಿಳಿಯದೆ ಅವರ ಭಾಷೆಯಲ್ಲಿ ಕ್ರಿಯಾಪದ ಮುಗಿಸುವುದೇ ಕಷ್ಟ. ನಾನು ಮೂರು ವರ್ಷ ದೊಡ್ಡವಳು ಅಂತ ಗೊತ್ತಾಗಿದ್ದೇ ತಡ, ‘ಒನ್ನಿ’ ಆದೆ. ಅಂದರೆ ಅಕ್ಕ. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಚೀನಾದ ಹಳೆಯ ಚಿಂತಕ ಕನ್ಫ್ಯೂಷಿಯಸ್‌ನ ದಾರಿಯ, ಅಂದರೆ ಕನ್ಫ್ಯೂಷಿಯನ್ ಪಾಠದ ಐದು ಸಂಬಂಧಗಳಲ್ಲಿ ರಾಜ-ಪ್ರಜೆ, ಅಪ್ಪ-ಮಗ, ಗಂಡ-ಹೆಂಡತಿ, ಹಿರಿಯ-ಕಿರಿಯ ಎಲ್ಲವೂ ಮೇಲೆ-ಕೆಳಗೆ. ಗೆಳೆತನ ಒಂದೇ ಸಮಸಮ.

ದೇವಾಲಯದ ಬಾಗಿಲು ದಾಟಿದ ಮೇಲೆ ಒನ್ನಿ ಮಾಯ. ಎಲ್ಲರಿಗೂ ಒಂದೇ ಬಣ್ಣದ ದೊಗಳೆ ಪ್ಯಾಂಟು, ತೋಳಿಲ್ಲದ ಜಾಕೀಟು. ಹೆಂಗಸರೆಲ್ಲ ‘ಬೋಸಲ್‌ನಿಮ್’ (ಬೋಧಿಸತ್ವರೇ ಅಂದ ಹಾಗೆ), ಇಪ್ಪತ್ತಾಗಲಿ ಎಪ್ಪತ್ತಾಗಲಿ.

ಊಟಕ್ಕೆ ಮಾತ್ರ ಪೂರ್ತಿ ಅಂಕ. ಒಂದರೊಳಗೊಂದು ಕೂರುವ ನಾಲ್ಕು ಮರದ ಬಟ್ಟಲು: ಅನ್ನ, ಸಾರು, ಪಲ್ಯ, ನೀರು. ಬಿದಿರಿನ ಕೋಲು ‘ಟಕ್’ ಅಂದರೆ ಶುರು. ಒಂದು ಮಾತಿಲ್ಲ. ಕೊನೆಗೆ ಮೂಲಂಗಿ ಉಪ್ಪಿನಕಾಯಿಯ ಚೂರಿನಿಂದ ಬಟ್ಟಲು ಉಜ್ಜಿ ತೊಳೆದು, ಆ ನೀರನ್ನೇ ಕುಡಿಯಬೇಕು. ಕೊನೆಯ ತಿಳಿನೀರನ್ನು ಮಾತ್ರ ಬಕೆಟ್ಟಿಗೆ ಸುರಿಯುತ್ತಾರೆ. ಅದು ಸೂಜಿಯಷ್ಟು ಸಣ್ಣ ಗಂಟಲಿನ ಹಸಿದ ಪ್ರೇತಗಳಿಗೆ. ಖಾರದ ಕಣ ಇದ್ದರೆ ಅವುಗಳ ಗಂಟಲು ಉರಿಯುತ್ತದಂತೆ. ನನ್ನ ಬಟ್ಟಲಲ್ಲಿ ಒಂದು ಕೆಂಪು ಚೂರು ತೇಲುತ್ತಿತ್ತು. ಪಕ್ಕದ ಅಜ್ಜಿ ಕಣ್ಣಲ್ಲೇ ಗದರಿದರು. ಸುಮ್ನೆ ಕುಡಿದುಬಿಟ್ಟೆ.

ಇಲ್ಲೂ ಏಣಿ ಇದೆ, ನೋಡಿ. ಸನ್ಯಾಸಿಗಳ ಸಾಲಿನಲ್ಲಿ ನಲವತ್ತರವರೊಬ್ಬರು ಮೇಲೆ ಕೂತಿದ್ದರು, ಐವತ್ತು ದಾಟಿದವರು ಕೆಳಗೆ. ದೀಕ್ಷೆ ತಗೊಂಡು ಎಷ್ಟು ವರ್ಷ ಆಯಿತು ಅನ್ನೋದೇ ಲೆಕ್ಕ. ತಡವಾಗಿ ಬಂದವರು ತಲೆ ನೆರೆತಿದ್ದರೂ ಕಿರಿಯರೇ.

ಈಗ ದೂರು. ಇಂಗ್ಲಿಷ್ ಅನುವಾದ ಇದೆ ಅಂತ ಹೇಳಿಯೇ ದುಡ್ಡು ತಗೊಂಡಿದ್ದರು. ಚಹಾ ಹೊತ್ತಿನಲ್ಲಿ ಗುರುಗಳು ಐದು ನಿಮಿಷ ನಗುನಗುತ್ತಾ ಮಾತಾಡಿದರು. ಅನುವಾದಕ ಹೇಳಿದ್ದು ಒಂದೇ ಸಾಲು: ‘ಹಿಂದೆ ಕಷ್ಟ ಇತ್ತು.’ ಉಳಿದದ್ದನ್ನು ಆಮೇಲೆ ಆ ‘ತಂಗಿ’ ಬಿಡಿಸಿ ಹೇಳಿದಳು. ಜೋಸನ್ ಅರಸರ ಕಾಲದಲ್ಲಿ (1392–1910) ಕನ್ಫ್ಯೂಷಿಯನ್ ಅಧಿಕಾರಿಗಳದ್ದೇ ದರ್ಬಾರು. ಸನ್ಯಾಸಿಗಳನ್ನು ತೀರಾ ಕೆಳಗಿನವರ ಸಾಲಿಗೆ ತಳ್ಳಿದ್ದರು. 1895ರವರೆಗೂ ಅವರು ರಾಜಧಾನಿಯೊಳಗೆ ಕಾಲಿಡುವ ಹಾಗಿರಲಿಲ್ಲ. ಇಷ್ಟು ಒಳ್ಳೆ ಕಥೆಯನ್ನು ನುಂಗಿಬಿಟ್ಟನಲ್ಲ, ಅಲ್ವಾ?

ಇನ್ನೊಂದು, ನೆಲದಡಿಯ ಬಿಸಿ ವಿಪರೀತ. ಹಾಸಿಗೆ ತೆಳು. ರಾತ್ರಿಯಿಡೀ ದೋಸೆ ಥರ ಮಗುಚಿಕೊಂಡೆ.

ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ಆಮೇಲೆ 108 ಅಡ್ಡಬೀಳುವುದು. ಒಂದೊಂದಕ್ಕೆ ಒಂದು ಮಣಿ ಪೋಣಿಸಬೇಕು. ಅರವತ್ತಕ್ಕೇ ನನ್ನ ಮಂಡಿ ಕೈಕೊಟ್ಟಿತು. ಮಂಡಿನೋವಿದ್ದರೆ ಮೊದಲೇ ಹೇಳಿ, ಕೂತೇ ಪೋಣಿಸಲು ಬಿಡುತ್ತಾರೆ. ನನಗೆ ಅದು ತಿಳಿದಿದ್ದು ವಾಪಸ್ ಬಸ್ಸಿನಲ್ಲಿ.